ಮನೆ ಪಕ್ಕ ಕೆಫೆ ಬಾರ್ ಬರುತ್ತಿದೆಯಾ? ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಬೀದಿಯ ಮೂಲೆಯಲ್ಲಿ ಖಾಲಿ ಬಿದ್ದಿದ್ದ ಅಂಗಡಿಯ ಗಾಜಿಗೆ ಒಂದು ತಿಳಿ ನೀಲಿ ಕಾಗದ ಅಂಟಿಸಿದ್ದರು. ಎರಡು ವಾರ ಅದರ ಮುಂದೆಯೇ ಓಡಾಡಿದೆ. ಅಂಗಡಿ ಮಾರಾಟದ ನೋಟಿಸು ಇರಬೇಕು ಅಂದುಕೊಂಡಿದ್ದೆ. ಒಂದು ಸಂಜೆ ಮಳೆ ಬಂತೆಂದು ಅಲ್ಲೇ ಮರೆಗೆ ನಿಂತಾಗ ಓದಿದೆ. ಕೆಫೆ ಬಾರ್, ವಾರದ ಏಳೂ ದಿನ, ರಾತ್ರಿ ಹನ್ನೆರಡೂವರೆವರೆಗೆ ಮದ್ಯ ಮಾರಾಟ. ನಮ್ಮ ಮಗಳು ಮಲಗುವ ಕೋಣೆಯ ಕಿಟಕಿ ಆ ಅಂಗಡಿಯ ಹಿಂದಿನ ಅಂಗಳದ ಕಡೆಗೇ ಇದೆ. ಆಕ್ಷೇಪಣೆ ಕೊಡಲು ಉಳಿದಿದ್ದು ಹನ್ನೊಂದು ದಿನ.

ಆ ಹನ್ನೊಂದು ದಿನದಲ್ಲಿ ಮಾಡಿದ ತಪ್ಪು, ಆಮೇಲೆ ಕಲಿತ ಪಾಠ ಎರಡನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಬೀದಿಗೆ ಕೆಫೆ ಬಾರ್ ಬಂದರೆ ಕೆಟ್ಟದ್ದೇ ಆಗುತ್ತದೆ ಎಂದಲ್ಲ. ಕತ್ತಲಾದ ಅಂಗಡಿಗಿಂತ ದೀಪ ಉರಿಯುವ ಅಂಗಡಿ ಎಷ್ಟೋ ವಾಸಿ. ಆದರೆ ರಾತ್ರಿ ನಿದ್ದೆ ನಮ್ಮದು. ನಾನು ಮೊದಲು ಬರೆದ ಪತ್ರದಲ್ಲಿ ಇದ್ದಿದ್ದು "ಇಲ್ಲಿ ಬಾರ್ ಬೇಡ" ಎನ್ನುವ ಒಂದೇ ಮಾತು. ಅದರಿಂದ ಏನೂ ಆಗುವುದಿಲ್ಲ. "ಹಿಂದಿನ ಅಂಗಳ ರಾತ್ರಿ 9 ಗಂಟೆಗೆ ಮುಚ್ಚಲಿ, ಖಾಲಿ ಬಾಟಲಿಗಳನ್ನು ರಾತ್ರಿ ಹೊರಗಿನ ಡಬ್ಬಿಗೆ ಸುರಿಯಬೇಡಿ" ಎಂದು ಬರೆದಾಗ ಎದುರಿನವರು ಕೂತು ಕೇಳಿದರು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮವರಲ್ಲಿ ಜಾಸ್ತಿ ಜನ, "ನಾವು ವೀಸಾ ಮೇಲೆ ಇರುವವರು, ಬಾಡಿಗೆ ಮನೆಯವರು, ನಮಗ್ಯಾಕೆ ಇದೆಲ್ಲ" ಎಂದು ಸುಮ್ನೆ ಇದ್ದುಬಿಡುತ್ತಾರೆ. ಆಕ್ಷೇಪಣೆ ಕೊಡಲು ಪೌರತ್ವ ಬೇಕಿಲ್ಲ, ಸ್ವಂತ ಮನೆಯೂ ಬೇಕಿಲ್ಲ, ಶುಲ್ಕವೂ ಇಲ್ಲ. ಲೈಸೆನ್ಸ್ ವಿಷಯದಲ್ಲಂತೂ 2012ರಿಂದ "ಹತ್ತಿರ ವಾಸಿಸುವವರು ಮಾತ್ರ" ಎನ್ನುವ ಷರತ್ತನ್ನೂ ತೆಗೆದಿದ್ದಾರೆ. ಯಾರು ಬೇಕಾದರೂ ಬರೆಯಬಹುದು. ಹತ್ತಿರದವರ ಮಾತಿಗೆ ತೂಕ ಹೆಚ್ಚು, ಅಷ್ಟೇ.

ಎರಡು ಕಚೇರಿ, ಎರಡು ಗಡಿಯಾರ

ಎಲ್ಲರೂ ಎಡವುವುದು ಇಲ್ಲೇ. ಕೌನ್ಸಿಲ್ ಒಂದೇ ಆದರೂ ಪ್ಲಾನಿಂಗ್ ವಿಭಾಗ ಬೇರೆ, ಲೈಸೆನ್ಸಿಂಗ್ ವಿಭಾಗ ಬೇರೆ. ಒಂದು ಕಡೆ ಕೊಟ್ಟ ಪತ್ರ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ.

ಪ್ಲಾನಿಂಗ್ ನೋಡುವುದು ಆ ಕಟ್ಟಡವನ್ನು ಯಾವ ಕೆಲಸಕ್ಕೆ ಬಳಸಬಹುದು ಎನ್ನುವುದನ್ನು. ಅಡುಗೆಮನೆಯ ಹೊಗೆ ಕೊಳವೆ ಎಲ್ಲಿ ಬರಬೇಕು, ಕಸ ಎಲ್ಲಿ ಇಡಬೇಕು, ಸಾಮಾನಿನ ವ್ಯಾನ್ ಎಲ್ಲಿ ನಿಲ್ಲಬೇಕು ಎನ್ನುವುದೆಲ್ಲ ಅವರ ಲೆಕ್ಕ. ಇಲ್ಲಿ ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 21 ದಿನ ಸಿಗುತ್ತದೆ. ಸಣ್ಣ ಅರ್ಜಿಗಳಿಗೆ 8 ವಾರದೊಳಗೆ ತೀರ್ಮಾನ ಕೊಡಬೇಕು ಎನ್ನುವುದು ನಿಯಮ.

ಲೈಸೆನ್ಸಿಂಗ್ ನಡೆಯುವುದು 2003ರ ಲೈಸೆನ್ಸಿಂಗ್ ಕಾಯ್ದೆಯ ಕೆಳಗೆ. ಮದ್ಯ ಮಾರಾಟ, ಕೆಲವು ಬಗೆಯ ಮನರಂಜನೆ, ರಾತ್ರಿ 11ರಿಂದ ಬೆಳಗಿನ 5ರವರೆಗೆ ಬಿಸಿ ಆಹಾರ, ಪಾನೀಯ ಮಾರುವುದು, ಇವು ಅದರ ವ್ಯಾಪ್ತಿ. ಇಲ್ಲಿ ನಮಗೆ ಸಿಗುವುದು 28 ದಿನ. ಅರ್ಜಿ ಕೌನ್ಸಿಲಿಗೆ ತಲುಪಿದ ಮರುದಿನದಿಂದ ಎಣಿಕೆ. ಕೊನೆಯ ದಿನಾಂಕ ನೀಲಿ ಕಾಗದದಲ್ಲೇ ಇರುತ್ತದೆ. ಒಂದು ದಿನ ತಡವಾದರೂ ಪತ್ರ ಲೆಕ್ಕಕ್ಕಿಲ್ಲ. ಯಾರೊಬ್ಬರೂ ಸರಿಯಾದ ಆಕ್ಷೇಪಣೆ ಕೊಡದಿದ್ದರೆ ಕೌನ್ಸಿಲ್ ಲೈಸೆನ್ಸ್ ಕೊಡಲೇಬೇಕು, ಬೇರೆ ದಾರಿಯೇ ಇಲ್ಲ. ಅದಕ್ಕೇ ಆ ಕಾಗದ ಕಂಡ ದಿನವೇ ಓದಿ.

(ಲೈಸೆನ್ಸ್ ಕಾಯ್ದೆ ವೇಲ್ಸಿಗೂ ಇದೇ. ಪ್ಲಾನಿಂಗ್ ಬಗ್ಗೆ ಇಲ್ಲಿ ಹೇಳಿದ್ದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ಎರಡೂ ಬೇರೆ.)

ಮೊದಲ ದಿನದ ಕೆಲಸ: ಪೂರ್ತಿ ಅರ್ಜಿ ತರಿಸಿಕೊಳ್ಳಿ

ಗಾಜಿನ ಮೇಲಿರುವುದು ಬರೀ ಸಾರಾಂಶ. ಮೊಬೈಲಿನಲ್ಲಿ ಅದರ ಫೋಟೋ ತೆಗೆಯಿರಿ, ತಾರೀಖು ಉಳಿಯುತ್ತದೆ. ಆಮೇಲೆ ಕೌನ್ಸಿಲಿನ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಹುಡುಕಿ. ಪೂರ್ತಿ ಅರ್ಜಿ ಅಲ್ಲಿ ಸಿಗದಿದ್ದರೆ ಲೈಸೆನ್ಸಿಂಗ್ ಅಧಿಕಾರಿಗೆ ಇಮೇಲ್ ಮಾಡಿ ಕೇಳಿ.

ಅರ್ಜಿ ಕೈಗೆ ಬಂದ ಮೇಲೆ ಗಂಟೆಗಳನ್ನು ಮೊದಲು ನೋಡಿ. ಮದ್ಯ ಮಾರಾಟ ನಿಲ್ಲುವ ಸಮಯ ಬೇರೆ, ಬಾಗಿಲು ಹಾಕುವ ಸಮಯ ಬೇರೆ. ಜನ ನಿಮ್ಮ ಕಿಟಕಿ ಕೆಳಗೆ ನಿಲ್ಲುವುದು ಎರಡನೆಯದಾದ ಮೇಲೆ. ಜೊತೆಗಿರುವ ನಕ್ಷೆಯನ್ನೂ ಬಿಡಿಸಿ ನೋಡಿ. ಹಿಂದಿನ ಅಂಗಳ, ಲೈಸೆನ್ಸ್ ಕೇಳಿರುವ ಜಾಗ ತೋರಿಸುವ ಗೆರೆಯ ಒಳಗಿದೆಯಾ? ಕುರ್ಚಿ ಮೇಜು ಜಾಸ್ತಿಯಾ, ನಿಂತು ಕುಡಿಯುವ ಜಾಗ ಜಾಸ್ತಿಯಾ? ಬಾಟಲಿ ಮನೆಗೆ ಒಯ್ಯಲು ಮಾರುತ್ತಾರಾ? ಕೊನೆಗೆ, ಕಾಯ್ದೆ ಹೇಳುವ ನಾಲ್ಕು ಉದ್ದೇಶ (ಅವು ಯಾವುವು ಎಂದು ಮುಂದೆ ಹೇಳುತ್ತೇನೆ) ಕಾಪಾಡಲು ಏನೇನು ಮಾಡುತ್ತೇವೆ ಎಂದು ಅರ್ಜಿದಾರರೇ ಬರೆದ ಭಾಗವನ್ನು ಎರಡು ಸಲ ಓದಿ. ಅಲ್ಲಿ ಬರೆದದ್ದೇ ಲೈಸೆನ್ಸಿನ ಷರತ್ತಾಗುತ್ತದೆ. ನಮ್ಮ ಅರ್ಜಿಯಲ್ಲಿ ಅಂಗಳದ ಬಗ್ಗೆ ಒಂದಕ್ಷರ ಇರಲಿಲ್ಲ. ನಮ್ಮ ಪತ್ರದ ಜೀವವೇ ಅದಾಯಿತು.

ಪ್ಲಾನಿಂಗ್ ಕಡೆ ಒಂದು ಇಣುಕು

ಇಲ್ಲಿ ಒಂದು ನಿರಾಶೆ ಕಾದಿರಬಹುದು. 2020ರ ಸೆಪ್ಟೆಂಬರ್ 1ರಿಂದ ಅಂಗಡಿ, ಕೆಫೆ, ರೆಸ್ಟೋರೆಂಟ್, ಆಫೀಸು ಎಲ್ಲವನ್ನೂ 'ಇ' ಎನ್ನುವ ಒಂದೇ ವರ್ಗಕ್ಕೆ ಸೇರಿಸಿದ್ದಾರೆ. ಹಾಗಾಗಿ ಬಟ್ಟೆ ಅಂಗಡಿ ಕೆಫೆಯಾಗಲು ಸಾಮಾನ್ಯವಾಗಿ ಅನುಮತಿಯೇ ಬೇಡ. ಆದರೆ ಪಬ್, ವೈನ್ ಬಾರ್‌ನಂಥ ಕುಡಿಯುವ ಜಾಗಗಳು ಆ ವರ್ಗದಲ್ಲಿಲ್ಲ. ಅವಕ್ಕೆ ಪ್ಲಾನಿಂಗ್ ಅನುಮತಿ ಬೇಕು.

ಹಾಗಾದರೆ ಹಗಲು ಕೆಫೆ, ರಾತ್ರಿ ಬಾರ್ ಎನ್ನುವ ಜಾಗ ಯಾವ ಕಡೆಗೆ? ಬೋರ್ಡಿನ ಮೇಲೆ ಏನು ಬರೆದಿದ್ದಾರೆ ಎನ್ನುವುದರಿಂದ ಅದು ತೀರ್ಮಾನ ಆಗುವುದಿಲ್ಲ. ಒಳಗೆ ಮುಖ್ಯವಾಗಿ ನಡೆಯುವುದು ಊಟ ತಿಂಡಿಯಾ, ಕುಡಿತವಾ ಎಂದು ನೋಡುತ್ತಾರೆ. ಲೈಸೆನ್ಸ್ ಅರ್ಜಿಯಲ್ಲಿ ರಾತ್ರಿ ಹನ್ನೆರಡೂವರೆ, ಡಿಜೆ, ನಿಲ್ಲುವ ಜಾಗ ಎಲ್ಲ ಕೇಳಿದ್ದು, ಪ್ಲಾನಿಂಗಿನವರಿಗೆ "ಇದು ಬರೀ ಕೆಫೆ" ಎಂದಿದ್ದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ಪ್ಲಾನಿಂಗ್ ವಿಭಾಗಕ್ಕೆ ಬರೆಯಿರಿ. ಜಗಳದ ಧಾಟಿ ಬೇಡ. "ಈ ಬಳಕೆಗೆ ಅನುಮತಿ ಬೇಕಾಗುವುದಿಲ್ಲವೇ, ದಯವಿಟ್ಟು ಪರಿಶೀಲಿಸಿ" ಅಂದರೆ ಸಾಕು.

ತುಂಬ ಜನ ನೋಡದ ಒಂದು ಜಾಗವಿದೆ. ಅದೇ ವಿಳಾಸದ ಹಳೆಯ ಅನುಮತಿಗಳು. ಹಿಂದೆ ಯಾವಾಗಲೋ ಕೊಟ್ಟ ಅನುಮತಿಯಲ್ಲಿ "ರಾತ್ರಿ 10ರ ನಂತರ ತೆರೆದಿರಬಾರದು" ಎಂಬ ಷರತ್ತು ಇದ್ದರೆ ಅದು ಇವತ್ತಿಗೂ ಕಟ್ಟಿಹಾಕಬಹುದು. ಲೈಸೆನ್ಸಿನಲ್ಲಿ ಒಂದು ಸಮಯ, ಪ್ಲಾನಿಂಗಿನಲ್ಲಿ ಇನ್ನೊಂದು ಸಮಯ ಇದ್ದರೆ ಯಾವುದು ಬೇಗನೆ ಮುಚ್ಚಿಸುತ್ತದೋ ಅದನ್ನೇ ಪಾಲಿಸಬೇಕು. ಒಂದು ಸಂಜೆ ಕೂತು ಹಳೆಯ ದಾಖಲೆ ಹುಡುಕಿ, ಖಂಡಿತ ವ್ಯರ್ಥವಲ್ಲ.

ಬಳಕೆಗೆ ಅನುಮತಿ ಬೇಡದಿದ್ದರೂ ಹೊರಗೋಡೆಗೆ ಹೊಗೆ ಕೊಳವೆ ಹಾಕಲು, ಅಂಗಡಿ ಮುಂಭಾಗ ಬದಲಿಸಲು ಸಾಮಾನ್ಯವಾಗಿ ಅರ್ಜಿ ಹಾಕಬೇಕು. ಫ್ಯಾನಿನ ಸದ್ದು, ಎಣ್ಣೆಯ ವಾಸನೆ ಬಗ್ಗೆ ಹೇಳಲು ಅದು ಸರಿಯಾದ ಜಾಗ. ಮನೆ ಬೆಲೆ ಇಳಿಯುತ್ತದೆ, ಈಗಾಗಲೇ ಮೂರು ಕೆಫೆ ಇವೆ ಎನ್ನುವ ಮಾತನ್ನು ಪ್ಲಾನಿಂಗಿನವರು ಪರಿಗಣಿಸುವುದಿಲ್ಲ. ಪ್ಲಾನಿಂಗಿನಲ್ಲಿ ಒಮ್ಮೆ ಅನುಮತಿ ಸಿಕ್ಕರೆ ನಿವಾಸಿಗಳಿಗೆ ಮೇಲ್ಮನವಿಯ ಹಕ್ಕಿಲ್ಲ. ಕೋರ್ಟಿಗೆ ಹೋಗುವ ದುಬಾರಿ ದಾರಿ ಒಂದೇ ಉಳಿಯುತ್ತದೆ, ಅದಕ್ಕೂ 6 ವಾರದ ಗಡುವು. ಇದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಅರ್ಜಿ ತಿರಸ್ಕಾರವಾದರೆ ಅರ್ಜಿದಾರರಿಗೆ ಮೇಲ್ಮನವಿ ಇದೆ, ಪಕ್ಕದ ಮನೆಯವರಿಗೆ ಇಲ್ಲ. ಆದ್ದರಿಂದ ಹೇಳುವುದನ್ನೆಲ್ಲ ತೀರ್ಮಾನಕ್ಕೆ ಮುಂಚೆಯೇ ಹೇಳಿ. ವಾರ್ಡಿನ ಕೌನ್ಸಿಲರಿಗೂ ಒಂದು ಇಮೇಲ್ ಹಾಕಿ. ಅರ್ಜಿಯನ್ನು ಅಧಿಕಾರಿ ಮಟ್ಟದಲ್ಲೇ ಮುಗಿಸದೆ ಕಮಿಟಿ ಮುಂದೆ ತರಲು ಬಹಳ ಕಡೆ ಅವರು ಕೇಳಬಹುದು.

ಮಾಲೀಕರನ್ನು ಭೇಟಿ ಮಾಡಿ

ನಾನು ಇದನ್ನು ಕೊನೆಗೆ ಮಾಡಿದೆ, ಮೊದಲೇ ಮಾಡಬೇಕಿತ್ತು. ಅರ್ಜಿಯಲ್ಲಿ ಹೆಸರು ಇರುತ್ತದೆ. "ನಾವು ಪಕ್ಕದ ಮನೆಯವರು, ಹತ್ತು ನಿಮಿಷ ಮಾತಾಡಬಹುದಾ" ಎಂದು ಕೇಳಿ. ಆಗಬೇಕಾದ್ದು ಇಷ್ಟು ಎಂದು ಎರಡು ಮೂರು ಅಂಶ ಇಟ್ಟುಕೊಂಡು ಹೋಗಿ. ಆಕ್ಷೇಪಣೆ ಬಂದರೆ ಕೌನ್ಸಿಲರ್‌ಗಳ ಕಮಿಟಿ ಮುಂದೆ ವಿಚಾರಣೆ ನಡೆಯುತ್ತದೆ. ಹೊಸದಾಗಿ ಅಂಗಡಿ ಹಾಕುವವರಿಗೂ ವಿಚಾರಣೆ ಅಂದರೆ ಭಯವೇ. ಸಾಲ ಮಾಡಿರುತ್ತಾರೆ, ಬಾಡಿಗೆ ಓಡುತ್ತಿರುತ್ತದೆ. ಅರ್ಧ ದಾರಿ ಅವರೇ ಬರುತ್ತಾರೆ.

ಒಂದು ಎಚ್ಚರಿಕೆ. ಬಾಯಿಮಾತಿನ ಒಪ್ಪಂದಕ್ಕೆ ನಂಬಿ 28 ದಿನ ಕಳೆಯಬೇಡಿ. ಪತ್ರ ಹಾಕಿಯೇ ಮಾತಾಡಿ. ಅವರು ಒಪ್ಪಿದರೆ, ಒಪ್ಪಿದ ಷರತ್ತುಗಳನ್ನು ಲೈಸೆನ್ಸಿಂಗ್ ಅಧಿಕಾರಿಗೆ ಅವರೇ ಬರೆದು ಕಳಿಸಿ ಅರ್ಜಿಯ ಭಾಗ ಮಾಡಲಿ. ಅಧಿಕಾರಿಯಿಂದ "ಸೇರಿಸಿದ್ದೇವೆ" ಎಂಬ ಉತ್ತರ ಬಂದ ಮೇಲಷ್ಟೇ ಆಕ್ಷೇಪಣೆ ವಾಪಸ್ ತೆಗೆದುಕೊಳ್ಳಿ. ವಿಚಾರಣೆಗೆ 24 ಗಂಟೆ ಮುಂಚಿನವರೆಗೂ ಅದಕ್ಕೆ ಅವಕಾಶ ಇದೆ, ಅವಸರ ಏನಿಲ್ಲ.

ಪತ್ರ ಬರೆಯುವುದು

ಇಲ್ಲಿ ನಿಧಾನ ಮಾಡೋಣ, ಏಕೆಂದರೆ ಎಲ್ಲ ನಿಂತಿರುವುದು ಈ ಒಂದು ಪತ್ರದ ಮೇಲೆ.

ಕಾಯ್ದೆ ನಾಲ್ಕೇ ಉದ್ದೇಶಗಳನ್ನು ಒಪ್ಪುತ್ತದೆ. ಅಪರಾಧ ಮತ್ತು ಗಲಾಟೆ ತಡೆಯುವುದು, ಜನರ ಸುರಕ್ಷತೆ, ಸಾರ್ವಜನಿಕ ಕಿರಿಕಿರಿ ತಡೆಯುವುದು, ಮಕ್ಕಳಿಗೆ ಹಾನಿ ಆಗದಂತೆ ನೋಡುವುದು. ನಿಮ್ಮ ಪ್ರತಿ ಮಾತೂ ಇವುಗಳಲ್ಲಿ ಒಂದಕ್ಕೆ ಕಟ್ಟಿಕೊಂಡಿರಬೇಕು. ಮನೆಗಳ ನಡುವೆ ಬರುವ ಕೆಫೆ ಬಾರಿಗೆ ಬಹುತೇಕ ಮೂರನೆಯದೇ ಆಧಾರ. ಸದ್ದು, ವಾಸನೆ, ಕಣ್ಣು ಕುಕ್ಕುವ ಬೆಳಕು, ಕಸ ಎಲ್ಲ ಅದರೊಳಗೆ ಬರುತ್ತದೆ. ಕುಡಿತ ಕೆಟ್ಟದ್ದು, ಈ ಬೀದಿಗೆ ಇನ್ನೊಂದು ಬಾರ್ ಅಗತ್ಯವಿಲ್ಲ, ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂದು ಬರೆದರೆ ಆ ಸಾಲುಗಳನ್ನು ಪಕ್ಕಕ್ಕಿಡುತ್ತಾರೆ. ನನ್ನ ಮೊದಲ ಪತ್ರದ ಮುಕ್ಕಾಲು ಭಾಗ ಇಂಥದ್ದೇ.

ಹೊಸ ಜಾಗವಾದ್ದರಿಂದ ಹಿಂದಿನ ದೂರುಗಳು ಇರುವುದಿಲ್ಲ. ಸಾಕ್ಷಿ ಎಲ್ಲಿಂದ ತರುವುದು? ನಿಮ್ಮ ಮನೆಯೇ ಸಾಕ್ಷಿ. "ತುಂಬ ಗಲಾಟೆ ಆಗುತ್ತದೆ" ಎನ್ನುವ ಬದಲು ಹೀಗೆ ಬರೆಯಿರಿ: "ನಮ್ಮ ಮಗುವಿನ ಕೋಣೆಯ ಕಿಟಕಿಯಿಂದ ಅಂಗಳದ ಗೋಡೆಗೆ ಆರು ಮೀಟರ್ ದೂರ. ಕಿಟಕಿ ಹಳೆಯದು, ಒಂದೇ ಪದರದ ಗಾಜು. ಅಂಗಳದ ಮೂರು ಕಡೆ ಇಟ್ಟಿಗೆ ಗೋಡೆ ಇರುವುದರಿಂದ ಮಾತು ಮೇಲಕ್ಕೆ ಬರುತ್ತದೆ. ಈಗ ಯಾರಾದರೂ ಅಲ್ಲಿ ನಿಂತು ಫೋನಿನಲ್ಲಿ ಮಾತಾಡಿದರೂ ಒಳಗೆ ಪದ ಪದ ಕೇಳಿಸುತ್ತದೆ." ಜೊತೆಗೆ ಕಿಟಕಿಯಿಂದ ತೆಗೆದ ಒಂದು ಫೋಟೋ. ಇದನ್ನು ಯಾರೂ ತಳ್ಳಿಹಾಕಲು ಆಗುವುದಿಲ್ಲ.

ಬೀದಿಯ ಬಗ್ಗೆ ಬರೆಯುವಾಗ ಒಂದು ಗೆರೆ ನೆನಪಿರಲಿ. ಬಾರಿನಿಂದ ಹೊರಬಿದ್ದು ದೂರ ಹೋದ ಮೇಲೆ ಜನ ಏನು ಮಾಡುತ್ತಾರೋ ಅದಕ್ಕೆ ಅವರೇ ಹೊಣೆ ಎಂದು ಸರ್ಕಾರದ ಮಾರ್ಗಸೂಚಿ ನೋಡುತ್ತದೆ. ದೂರದ ಬಸ್ ಸ್ಟಾಪಿನ ಕಥೆ ಬಿಡಿ. ಬಾಗಿಲ ಮುಂದೆ ಸಿಗರೇಟು ಸೇದುವವರು, ಒಳಗೆ ಹೋಗಲು ಕಾಯುವ ಸಾಲು, ಟ್ಯಾಕ್ಸಿ ಹಾರ್ನು, ಇವುಗಳ ಬಗ್ಗೆ ಬರೆಯಿರಿ.

ಆಮೇಲೆ ಪರಿಹಾರ ಕೇಳಿ. ನಾವು ಕೇಳಿದ್ದು, ಬೇರೆಯವರು ಕೇಳಬಹುದಾದದ್ದು:

- ಹಿಂದಿನ ಅಂಗಳ ರಾತ್ರಿ 9ಕ್ಕೆ ಖಾಲಿ ಆಗಬೇಕು, ಅಲ್ಲಿ ಸ್ಪೀಕರ್ ಇರಬಾರದು.
- ಮದ್ಯವನ್ನು ಕೂತವರಿಗೆ ಮಾತ್ರ, ಮೇಜಿಗೇ ತಂದು ಕೊಡಬೇಕು. ಒಟ್ಟು ಇಷ್ಟೇ ಜನ ಎಂಬ ಮಿತಿ ಇರಬೇಕು.
- ಬಾಟಲಿಗಳನ್ನು ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಹೊರಗಿನ ಡಬ್ಬಿಗೆ ಸುರಿಯಬಾರದು. ಸಂಗೀತಕ್ಕಿಂತ ನಿದ್ದೆ ಕೆಡಿಸುವುದು ಇದೇ, ಅನುಭವದ ಮಾತು.
- ಸಾಮಾನಿನ ವ್ಯಾನ್ ಹಗಲಲ್ಲಿ ಮಾತ್ರ ಬರಲಿ.
- ಸಿಗರೇಟಿಗೆ ಹೊರಗೆ ಹೋಗುವವರು ಗ್ಲಾಸು ಒಯ್ಯಬಾರದು, ಒಮ್ಮೆಗೆ ಇಷ್ಟು ಜನ ಎಂಬ ಮಿತಿ ಇರಲಿ.
- ಅಂಗಡಿ ತೆರೆದಿರುವಷ್ಟು ಹೊತ್ತೂ ಮ್ಯಾನೇಜರ್ ಎತ್ತುವ ಒಂದು ಫೋನ್ ನಂಬರ್ ನೆರೆಯವರಿಗೆ ಕೊಡಬೇಕು.
- ಮಾರಾಟ ವಾರದ ದಿನ 10:30ಕ್ಕೆ, ವಾರಾಂತ್ಯ 11ಕ್ಕೆ ನಿಲ್ಲಬೇಕು. ಬಾಗಿಲು ಅರ್ಧ ಗಂಟೆ ನಂತರ ಹಾಕಬೇಕು.

ಸಂಗೀತದ ವಿಷಯದಲ್ಲಿ ಒಂದು ಸಿಕ್ಕು ಇದೆ. 2012ರ ಲೈವ್ ಮ್ಯೂಸಿಕ್ ಕಾಯ್ದೆ ಮತ್ತು ಆಮೇಲಿನ ಬದಲಾವಣೆಗಳಿಂದ, ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ 500 ಜನರೊಳಗಿನ ಸಂಗೀತಕ್ಕೆ ಬೇರೆ ಅನುಮತಿ ಬೇಡ. ಆ ಅವಧಿಯಲ್ಲಿ ಲೈಸೆನ್ಸಿನ ಸಂಗೀತ ಷರತ್ತುಗಳು ಸಾಮಾನ್ಯವಾಗಿ ನಡೆಯುವುದಿಲ್ಲ. ಹಾಗಾಗಿ "11ಕ್ಕೆ ಮುಂಚೆ ಸಂಗೀತ ಬೇಡ" ಎಂದು ಕೇಳಿ ಶಕ್ತಿ ಕಳೆಯಬೇಡಿ. ಮುಚ್ಚುವ ಸಮಯ, ಅಂಗಳ, ಜನರ ಸಂಖ್ಯೆ ಇವುಗಳ ಮೇಲೆ ಒತ್ತು ಕೊಡಿ. 11ರೊಳಗಿನ ಸಂಗೀತವೇ ಕಾಟವಾದರೆ ಮುಂದೆ ರಿವ್ಯೂ, ಅಂದರೆ ಲೈಸೆನ್ಸಿನ ಮರುಪರಿಶೀಲನೆ, ಎನ್ನುವ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಪತ್ರದಲ್ಲಿ ಹೆಸರು, ವಿಳಾಸ ಇರಬೇಕು. ಅದರ ಪ್ರತಿ ಅರ್ಜಿದಾರರಿಗೆ ಹೋಗುತ್ತದೆ. ನಿಜವಾಗಿ ಭಯವಿದ್ದರೆ ಮೊದಲೇ ಅಧಿಕಾರಿಗೆ ಫೋನ್ ಮಾಡಿ. ತೀರಾ ಅಪರೂಪದ ಸಂದರ್ಭದಲ್ಲಿ ವಿವರ ಮುಚ್ಚಿಡುತ್ತಾರೆ. ಅದು ಬೇಡ ಅನ್ನಿಸಿದರೆ ವಾರ್ಡ್ ಕೌನ್ಸಿಲರಿಗೆ ನಿಮ್ಮ ಪರವಾಗಿ ಬರೆಯಲು ಕೇಳಬಹುದು.

ನೆರೆಯವರನ್ನು ಸೇರಿಸುವುದು

ಒಂದೇ ಪತ್ರಕ್ಕೆ ನಲವತ್ತು ಸಹಿ ಹಾಕಿಸುವುದಕ್ಕಿಂತ ಐದು ಮನೆಯವರು ತಮ್ಮ ತಮ್ಮ ಮಾತಿನಲ್ಲಿ ಬರೆದ ಐದು ಪತ್ರಗಳಿಗೆ ಬೆಲೆ ಜಾಸ್ತಿ. ಎದುರಿನ ಮನೆಯ ಅಜ್ಜಿಗೆ ಟ್ಯಾಕ್ಸಿ ಬಾಗಿಲಿನ ಸದ್ದು, ಮೇಲಿನ ಮನೆಯ ನರ್ಸಿಗೆ ಹಗಲು ನಿದ್ದೆ, ನಮಗೆ ಅಂಗಳ. ಒಬ್ಬೊಬ್ಬರದು ಒಂದೊಂದು ಕಷ್ಟ. ಪೊಲೀಸ್, ಪರಿಸರ ಆರೋಗ್ಯ ವಿಭಾಗ, ಅಗ್ನಿಶಾಮಕದವರಿಗೂ ಅರ್ಜಿ ಹೋಗಿರುತ್ತದೆ. ಪರಿಸರ ಆರೋಗ್ಯ ಅಧಿಕಾರಿಗೆ ಒಂದು ಫೋನ್ ಮಾಡಿ ನಿಮ್ಮ ಕಿಟಕಿಯ ದೂರ ಹೇಳಿ. ಸದ್ದಿನ ವಿಷಯದಲ್ಲಿ ಅವರೇ ಷರತ್ತು ಕೇಳಿದರೆ ಕಮಿಟಿ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತದೆ.

ವಿಚಾರಣೆಯ ದಿನ

28 ದಿನ ಮುಗಿದ ಮೇಲೆ 20 ಕೆಲಸದ ದಿನಗಳೊಳಗೆ ವಿಚಾರಣೆ ಶುರುವಾಗಬೇಕು. ಮೂವರು ಕೌನ್ಸಿಲರ್‌ಗಳು ಕೂರುತ್ತಾರೆ. ಕೋರ್ಟಿನಂತೆ ಇರುವುದಿಲ್ಲ, ಉದ್ದನೆಯ ಮೇಜು, ನೀರಿನ ಲೋಟ, ಅಷ್ಟೇ. ಬರುತ್ತೀರಾ ಎಂದು ಕೇಳಿ ಒಂದು ಫಾರ್ಮ್ ಕಳಿಸುತ್ತಾರೆ. ಅದನ್ನು ಗಡುವಿನೊಳಗೆ ತುಂಬಿ ಕಳಿಸಿ.

ಪತ್ರದಲ್ಲಿ ಬರೆದದ್ದನ್ನು ವಿವರಿಸಬಹುದು, ಹೊಸ ವಿಷಯ ಎತ್ತುವಂತಿಲ್ಲ. ಹೊಸ ಫೋಟೋ, ದಾಖಲೆ ಅವತ್ತೇ ತಂದರೆ ಎಲ್ಲ ಕಡೆಯವರೂ ಒಪ್ಪಬೇಕು. ಅದಕ್ಕೇ ಮೊದಲೇ ಕಳಿಸಿಬಿಡಿ. ಮಾತಾಡಲು ಕೆಲವೇ ನಿಮಿಷ ಸಿಗುತ್ತದೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಎರಡು ಸಲ ಓದಿ ನೋಡಿ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಕೆ ಇದ್ದರೆ ಬರೆದದ್ದನ್ನೇ ಓದಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಿಮ್ಮ ಪರ ಮಾತಾಡಲು ಇನ್ನೊಬ್ಬರನ್ನು ಕರೆದುಕೊಂಡು ಹೋಗಬಹುದು.

ನನ್ನ ಕೈ ನಡುಗುತ್ತಿತ್ತು. ಕಿಟಕಿಯ ಫೋಟೋ ತೋರಿಸಿದ ಮೇಲೆ ಅಧ್ಯಕ್ಷರು ಅರ್ಜಿದಾರರನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಂಗಳ ಎಷ್ಟು ಗಂಟೆಗೆ ಮುಚ್ಚುತ್ತೀರಿ?" ಅವರು 9 ಅಂದರು. ಅದೇ ಷರತ್ತಾಯಿತು. ಮಾರಾಟ 11ಕ್ಕೆ ನಿಂತಿತು. ಬಾಟಲಿ ಷರತ್ತೂ ಸಿಕ್ಕಿತು. ವಾರದ ದಿನಗಳ 10:30 ಸಿಗಲಿಲ್ಲ.

ತೀರ್ಮಾನ ಒಪ್ಪಿಗೆಯಾಗದಿದ್ದರೆ, ಸರಿಯಾದ ಆಕ್ಷೇಪಣೆ ಕೊಟ್ಟವರು 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಸೋತರೆ ಖರ್ಚು ತಲೆ ಮೇಲೆ ಬರುವ ಅಪಾಯ ಇದೆ, ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಬಾಗಿಲು ತೆರೆದ ಮೇಲೆ

ಲೈಸೆನ್ಸಿನ ಪ್ರತಿ ತರಿಸಿ ಫ್ರಿಜ್ ಮೇಲೆ ಅಂಟಿಸಿ. ಹೊರಗಡೆ ಹೊಸ ಕಾಗದ ಕಂಡರೆ ಮತ್ತೆ ಓದಿ. ಬಿಳಿ ಕಾಗದವಾದರೆ ಸಣ್ಣ ಬದಲಾವಣೆ ಇರಬಹುದು, ಅದಕ್ಕೆ ಸಿಗುವುದು 10 ಕೆಲಸದ ದಿನ ಮಾತ್ರ. ಫುಟ್‌ಪಾತ್ ಮೇಲೆ ಮೇಜು ಹಾಕಲು ಬೇರೆಯೇ ಲೈಸೆನ್ಸ್ ಇದೆ, ಅದಕ್ಕೆ 14 ದಿನ. ಒಂದು ರಾತ್ರಿಯ ಕಾರ್ಯಕ್ರಮಕ್ಕೆ ತಾತ್ಕಾಲಿಕ ನೋಟಿಸು ಕೊಟ್ಟರೆ ಅದಕ್ಕೆ ಆಕ್ಷೇಪಿಸುವ ಹಕ್ಕು ಪೊಲೀಸರಿಗೆ, ಪರಿಸರ ಆರೋಗ್ಯದವರಿಗೆ ಮಾತ್ರ. ಅದರಲ್ಲೂ 499 ಜನರ ಮಿತಿ ಇದೆ, ವರ್ಷಕ್ಕೆ ಒಂದು ಜಾಗಕ್ಕೆ 15 ಸಲ.

ತೊಂದರೆ ಆದರೆ ಮೊದಲು ಆ ಫೋನ್ ನಂಬರಿಗೆ ಕರೆ ಮಾಡಿ. ಜೊತೆಗೆ ಒಂದು ನೋಟ್‌ಬುಕ್ ಇಡಿ. ತಾರೀಖು, ಶುರುವಾದ ಸಮಯ, ಮುಗಿದ ಸಮಯ, ಯಾವ ಸದ್ದು, ಯಾವ ಕೋಣೆಯಲ್ಲಿ ಕೇಳಿತು, ಕಿಟಕಿ ಮುಚ್ಚಿತ್ತಾ, ಯಾರಿಗೆ ಹೇಳಿದಿರಿ, ಅವರು ಏನಂದರು. ಸಿಟ್ಟನ್ನು ಬರೆಯಬೇಡಿ, ನಡೆದದ್ದನ್ನು ಬರೆಯಿರಿ. ಏನೂ ಆಗದ ರಾತ್ರಿಯನ್ನೂ ಗುರುತಿಸಿ, ಬರೆದದ್ದರ ಮೇಲೆ ನಂಬಿಕೆ ಹುಟ್ಟುತ್ತದೆ. ಪರಿಸರ ಆರೋಗ್ಯದವರು 1990ರ ಪರಿಸರ ರಕ್ಷಣಾ ಕಾಯ್ದೆಯ ಕೆಳಗೆ ತನಿಖೆ ಮಾಡುವಾಗ ಮೊದಲು ಕೇಳುವುದು ಇದನ್ನೇ.

ಹಾಗೂ ನಿಲ್ಲದಿದ್ದರೆ ರಿವ್ಯೂ. ಲೈಸೆನ್ಸ್ ಸಿಕ್ಕ ಮೇಲೆ ಯಾವಾಗ ಬೇಕಾದರೂ, ಯಾವ ನಿವಾಸಿಯೂ ಕೇಳಬಹುದು, ಶುಲ್ಕವಿಲ್ಲ. ಆಗಲೂ ಅದೇ ನಾಲ್ಕು ಉದ್ದೇಶ, ಅದೇ 28 ದಿನ, ಅದೇ ಕಮಿಟಿ. ಷರತ್ತು ಬದಲಿಸಬಹುದು, ಗಂಟೆ ಕಡಿಮೆ ಮಾಡಬಹುದು, ಉಸ್ತುವಾರಿ ಮ್ಯಾನೇಜರನ್ನು ತೆಗೆಯಬಹುದು, 3 ತಿಂಗಳವರೆಗೆ ಲೈಸೆನ್ಸ್ ತಡೆಹಿಡಿಯಬಹುದು, ರದ್ದೂ ಮಾಡಬಹುದು. 11ರೊಳಗಿನ ಸಂಗೀತಕ್ಕೂ ಷರತ್ತು ಅನ್ವಯಿಸುವಂತೆ ಮಾಡಲು ಇಲ್ಲಿ ಸಾಧ್ಯ. ಅರ್ಜಿ ಹಾಕುವ ಮುಂಚೆ ನೋಟ್‌ಬುಕ್ಕಿನ ಪ್ರತಿ ತೆಗೆದುಕೊಂಡು ಲೈಸೆನ್ಸಿಂಗ್ ಅಧಿಕಾರಿಯನ್ನು ಒಮ್ಮೆ ಕಾಣಿ. ಅವರು ಮಾಲೀಕರಿಗೆ ಬರೆಯುವ ಒಂದು ಎಚ್ಚರಿಕೆಯಿಂದಲೇ ಎಷ್ಟೋ ಸಲ ಕೆಲಸ ಆಗಿಬಿಡುತ್ತದೆ. ನಮ್ಮಲ್ಲಿ ಬಾಟಲಿ ಸುರಿಯುವುದು ನಿಂತದ್ದು ಹಾಗೆಯೇ.